ನಿಂತ ಗೆರೆ

ಸಾವಿರದ ಒಂಬೈನೂರ ಅರವತ್ತರ ಆಚೀಚೆ ಧಾರವಾಡದ ನಮ್ಮ ಶಾಲೆಯಲ್ಲಿದ್ದ ಭೂಗೋಳದ ಮಾಸ್ತರರು ಊರಿನ ಬಿಸಿಲನ್ನು ಗೆರೆಯಾಗಿಸಿ ಓಡಿಸುತ್ತಿದ್ದರು. ನೋಟುಬುಕ್ಕಿನ ಒಂದು ಹಾಳೆಗೆ ಒಂದು ದಿನ. ಹೊಸ ಹಾಳೆಯಲ್ಲಿ ಹಿಂದಿನ ದಿನಗಳ ಗೆರೆಯನ್ನೆಲ್ಲ ಮತ್ತೆ ಬರೆದು, ತುದಿಗೆ ಆ ದಿನದ ಉಷ್ಣಾಂಶದ ಚುಕ್ಕೆ ಕೂಡಿಸುವರು. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರೆ ಗೆರೆ ಏರುತ್ತ ಇಳಿಯುತ್ತ ಬೆಳೆಯುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

"ಬರೇ ಇವತ್ತಿನ ಚುಕ್ಕಿ ಇಟ್ರ ಸಾಲದೇನ್ರಿ?" ಎಂದು ಅಲ್ಲೇ ಕನ್ನಡ ಕಲಿಸುತ್ತಿದ್ದ ನಾನು ಕೆಣಕುತ್ತಿದ್ದೆ.

"ನಿನ್ನೀದು ಬಿಟ್ಟು ಇವತ್ತಿಂದು ಬರೂದಿಲ್ರಿ," ಎನ್ನುವರು, ಪೆನ್ಸಿಲ್ ಕೆತ್ತುತ್ತ.

ಅವರ ಹೆಂಡತಿ ವಿಷಮಜ್ವರದಿಂದ ತೀರಿಕೊಂಡು ತಿಂಗಳಾದ ಮೇಲೆ ಮನೆಗೆ ಹೋದೆ. ಆಕೆಯ ಜ್ವರವನ್ನು ಬರೆದಿಟ್ಟ ನೋಟುಬುಕ್ಕನ್ನು ನನ್ನ ಕೈಗಿತ್ತರು. ಹಾಳೆ ಬಿಟ್ಟೆ. ಗೆರೆ ಏರಿತು, ತುಸು ಇಳಿಯಿತು, ಮತ್ತೆ ಏರಿ ಹತ್ತೊಂಬತ್ತನೆಯ ದಿನಕ್ಕೆ ನಿಂತಿತು. ಹಾಳೆಗಳು ಮಾತ್ರ ಮುಗಿಯಲಿಲ್ಲ. ಆಮೇಲಿನ ಒಂದೊಂದರಲ್ಲೂ ಅದೇ ಹತ್ತೊಂಬತ್ತು ದಿನಗಳ ಗೆರೆ, ಹೊಸ ಚುಕ್ಕೆಯಿಲ್ಲ.

"ಇನ್ನೂ ದಿನಾ ಬರೀತೀರೇನ್ರಿ?" ಎಂದೆ.

ಅವರು ಪೆನ್ಸಿಲ್ ಕೆತ್ತುತ್ತಲೇ ಇದ್ದರು.

"ನಿನ್ನೀದಷ್ಟ ಬರಾಕತ್ತೈತ್ರಿ," ಅಂದರು.