ಅಪ್ಪನ ನೆತ್ತಿಯ ಎಣ್ಣೆ

ತುಮಕೂರಿನ ಡಾಕ್ಟರರ ಕೋಣೆಯ ಗೋಡೆ ಹಸಿರಾಗಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಆಸ್ಪತ್ರೆಯ ಗೋಡೆಗಳೆಲ್ಲ ನೆನಪಿನಲ್ಲಿ ಹಸಿರೇ ಆಗಿಬಿಡುತ್ತವೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಎಂಬತ್ತರ ದಶಕದ ಮೊದಲ ವರ್ಷಗಳು. ಗುಬ್ಬಿಯಿಂದ ಕುಣಿಗಲ್ಲಿಗೆ ಬಸ್ಸು ಓಡಿಸುತ್ತಿದ್ದ ಅಪ್ಪ, ಕುಣಿಗಲ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಸ್ಟೀರಿಂಗಿನ ಮೇಲೆ ಕುಸಿದಿದ್ದ. ಅವನನ್ನು ತುಮಕೂರಿನ ಆಸ್ಪತ್ರೆಗೆ ತಂದಿದ್ದರು; ಕ್ಯಾತ್ಸಂದ್ರದ ಹಾಸ್ಟೆಲಿನಿಂದ ನಾನು ಓಡಿ ಬಂದಿದ್ದೆ. ಅವ್ವನೂ ನಾನೂ ಡಾಕ್ಟರರ ಎದುರು ನಿಂತಿದ್ದೆವು.

"ಕೊಬ್ರಿ ಎಣ್ಣೆ, ವನಸ್ಪತಿ ಎರಡೂ ಮನೇಲಿ ಇರಕೂಡ್ದಮ್ಮ. ಸೂರ್ಯಕಾಂತಿ ಎಣ್ಣೆ ತನ್ನಿ, ಹಾರ್ಟಿಗೆ ಒಳ್ಳೇದು."

ನಮ್ಮ ಮನೆಯ ಒಗ್ಗರಣೆಗೆ ಯಾವ ಎಣ್ಣೆ ಎಂದು ಅವರು ಕೇಳಲಿಲ್ಲ. ಊರು ತುಂಬ ತೆಂಗು ಇದ್ದರೂ ನಾವು ಅಡುಗೆ ಮಾಡುತ್ತಿದ್ದುದು ಮಿಲ್ಲಿನ ಕಡಲೆಕಾಯಿ ಎಣ್ಣೆಯಲ್ಲಿ. ಕೊಬ್ಬರಿ ಎಣ್ಣೆ ತಲೆಗೆ ಮಾತ್ರ. ಬೆಳಗಿನ ಬಸ್ಸಿಗೆ ಹೊರಡುವ ಮುನ್ನ ಅಪ್ಪ ಮಣೆಯ ಮೇಲೆ ಕೂರುತ್ತಿದ್ದ, ಅವ್ವ ಅವನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಚಳಿಗಾಲದಲ್ಲಿ ಬಟ್ಟಲಿನಲ್ಲಿ ಹೆಪ್ಪುಗಟ್ಟಿದ್ದನ್ನು ಬೆರಳಲ್ಲಿ ಕೆರೆದು ಇಟ್ಟರೆ ಅಲ್ಲೇ ಕರಗಿ ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು. ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡದ್ದು ಆಗ ಮಾತ್ರ.

ಡಾಕ್ಟರರ ಹತ್ತಿರ ಹೋಗಿಬಂದ ದಿನವೇ ಅವ್ವ ಆ ಬಟ್ಟಲನ್ನು ಸೀಗೆಪುಡಿ ಹಾಕಿ ತಿಕ್ಕಿ ಕವುಚಿಟ್ಟಳು. ಎಣ್ಣೆ ಪಕ್ಕದ ಮನೆಗೆ ಹೋಯಿತು.

ಕುಣಿಗಲ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕ, ಮಗುವನ್ನು ಎತ್ತಿಕೊಂಡು ಬಂದವಳು, ವಿಷಯ ತಿಳಿದು ರೇಗಿದಳು. "ಡಾಕ್ಟ್ರು ಹೇಳಿದ್ದು ತಿನ್ನೋ ಎಣ್ಣೆ ಕಣವ್ವ, ತಲೆಗಲ್ಲ."

"ಮಗೀಗೆ ನೆತ್ತಿಗೆ ಹಚ್ಚಿದ್ರೆ ಅಂಗಾಲ್ಗಂಟ ತಂಪಾಗುತ್ತೆ ಅಂತೀಯ. ಅಂಗಾಲ್ಗೆ ಹೋಗೋ ಎಣ್ಣೆ ಎದೆ ದಾಟ್ಕೊಂಡೇ ಹೋಗ್ಬೇಕಲ್ವೇನೇ?"

ಅಕ್ಕ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ನನ್ನ ಕಡೆ ನೋಡಿದಳು. ನಾನು ಅವಳ ಕೈಯಿಂದ ಮಗುವನ್ನು ಎತ್ತಿಕೊಂಡೆ.

"ಬಸ್ಸು ಬುಡು ಅಂದ್ರು, ಬುಟ್ಟೆ. ಬೀಡಿ ಬುಟ್ಟೆ. ಈಗ ನಿಮ್ಮವ್ವ ತಲೇನೂ ಬುಡು ಅಂತಾವ್ಳೆ," ಎಂದು ಅಪ್ಪ ನಕ್ಕ. ಅವ್ವ ನಗಲಿಲ್ಲ.

ಹೊಸ ಎಣ್ಣೆಯನ್ನು ಅವಳು ಔಷಧಿಯಂತೆ ನಂಬಿದಳು. ಒಳ್ಳೆಯದು ಎಂದ ಮೇಲೆ ಕೈ ಬಿಗಿ ಹಿಡಿಯುವುದೇಕೆ? ಸಾರಿನ ಮೇಲೆ ಹಳದಿ ಪೊರೆ ತೇಲುತ್ತಿತ್ತು. "ವಾಸ್ನೇನೇ ಇಲ್ವಲ್ಲೇ ಇದ್ರಲ್ಲಿ," ಎಂದು ಅಪ್ಪ ಗೊಣಗಿದರೆ, "ಹಾರ್ಟಿಗೆ ಒಳ್ಳೇದಂತೆ, ಉಣ್ಣಿ," ಎಂದು ಇನ್ನೊಂದು ಸೌಟು ಬಡಿಸುತ್ತಿದ್ದಳು. ಪಕ್ಕದಲ್ಲಿ ಎಂದಿನಂತೆ ಕಾಯಿಚಟ್ನಿ. ಅವಳ ಲೆಕ್ಕದಲ್ಲಿ ಕಾಯಿ ಬೇರೆ, ಎಣ್ಣೆ ಬೇರೆ. ಮುಂದೆ ಆದದ್ದು ಇದರಿಂದಲೇ ಆಯಿತು ಎಂದು ನಾನು ಜೋಡಿಸಲಾರೆ. ಬೀಡಿಯಿತ್ತು, ವರ್ಷಗಟ್ಟಲೆ ಇಂಜಿನ್ನಿನ ಕಾವಿತ್ತು. ರಜೆಗೆ ಬಂದಾಗ ನಾನು ಕಂಡದ್ದು, ಅಪ್ಪನ ಕೂದಲು ಒಣಗಿ ಜೊಂಡಿನಂತಾದದ್ದು. ಬೆಳಿಗ್ಗೆ ಅಭ್ಯಾಸಬಲದಿಂದ ಮಣೆಯ ಮೇಲೆ ಕೂರುತ್ತಿದ್ದ. ಸ್ವಲ್ಪ ಹೊತ್ತು ಕಾದು, ಎದ್ದು ಹೋಗುತ್ತಿದ್ದ. ಅವ್ವ ಒಲೆಯ ಕಡೆಯಿಂದ ತಿರುಗುತ್ತಿರಲಿಲ್ಲ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ.

ಹೆಣಕ್ಕೆ ನೀರು ಹಾಕುವ ಮೊದಲು ತಲೆಗೆ ಎಣ್ಣೆ ಮುಟ್ಟಿಸಬೇಕು. ಯಾರೋ ಹರಳೆಣ್ಣೆ ತಂದರು. ಅವ್ವ ಅದನ್ನು ಪಕ್ಕಕ್ಕೆ ಸರಿಸಿ ಅಕ್ಕನ ಕಡೆ ನೋಡಿದಳು. "ಪಕ್ಕದ್ಮನೇಲಿ ಕೊಬ್ರಿ ಎಣ್ಣೆ ಇಸ್ಕೊಂಬಾರೇ."

ಬಂದ ಎಣ್ಣೆ ಹೆಪ್ಪುಗಟ್ಟಿತ್ತು. ಅವ್ವ ಬೆರಳಲ್ಲಿ ಕೆರೆದು ಅಪ್ಪನ ನೆತ್ತಿಗೆ ಇಟ್ಟು ತಟ್ಟಿದಳು. ಅದು ಕರಗಲಿಲ್ಲ. ಮತ್ತೆ ತಟ್ಟಿದಳು, ತಟ್ಟುತ್ತಲೇ ಇದ್ದಳು. ನೆಂಟರ ಹೆಂಗಸೊಬ್ಬಳು, "ಸಾಕು ಬುಡವ್ವ," ಎಂದು ಕೈ ಹಿಡಿದಳು. ನರೆಗೂದಲಿನ ನಡುವೆ ಬಿಳಿ ಚೂರುಗಳು ಹಾಗೇ ಉಳಿದಿದ್ದವು.

ಅಕ್ಕ ಇದನ್ನು ಒಪ್ಪುವುದಿಲ್ಲ. ಆ ಎಣ್ಣೆಯನ್ನು ತಾನೇ ಒಲೆಯ ಮೇಲೆ ಕಾಯಿಸಿ ತಂದಿದ್ದೆ, ಅದು ಅಪ್ಪನ ಕಿವಿಯ ಹಿಂದಕ್ಕೂ ಇಳಿಯಿತು ಎನ್ನುತ್ತಾಳೆ. ಹೇಳುವಾಗ ಪ್ರತಿ ಸಲವೂ ತನ್ನ ಅಂಗೈ ನೋಡಿಕೊಳ್ಳುತ್ತಾಳೆ.

ಅವ್ವ ಇದ್ದಷ್ಟು ಕಾಲ, ಎಣ್ಣೆ ಕರಗಿತ್ತೋ ಇಲ್ಲವೋ ಎಂದು ಅವಳನ್ನು ನಾವಿಬ್ಬರೂ ಕೇಳಲಿಲ್ಲ.