ಕೀಳದೆ ಉಳಿದ ಹಲ್ಲು

ಮದುವೆಯಾಗಿ ದೇವಸಮುದ್ರಕ್ಕೆ ಬಂದ ಹೊಸದರಲ್ಲಿ ನಮ್ಮತ್ತೆ ನನ್ನೊಡನೆ ಮಾತಾಡುತ್ತಲೇ ಇರಲಿಲ್ಲ. ಏನು ಕೇಳಿದರೂ ತಲೆಯಾಡಿಸಿ ಮುಖ ತಿರುಗಿಸಿಕೊಳ್ಳುವರು. ನಾನು ಬಡಿದ ರೊಟ್ಟಿಯನ್ನು ಒಂದು ಚೂರು ಮುರಿದು ಬಾಯಿಗಿಟ್ಟು, ಮಿಕ್ಕಿದ್ದನ್ನು ಹಾಗೇ ಬಿಟ್ಟು ಏಳುವರು. ಗುಡ್ಡದ ಆಚೆಗಿದ್ದ ಕುರಿಗಳನ್ನೂ ಕೂಗಿ ಕರೆಯುವ ಗಂಟಲು ಅವರದಂತೆ. ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. "ಚಳ್ಳಕೆರೆ ಪ್ಯಾಟೆ ಸೊಸೆ ಹಿಡಿಸಿಲ್ಲ ಕಣಮ್ಮ" ಎಂದು ಪಕ್ಕದ ಮನೆಯಾಕೆ ನನ್ನೆದುರೇ ಹೇಳಿದಳು. ನನಗೂ ಹಾಗೇ ಅನ್ನಿಸಿತ್ತು.

ಒಂದು ಬೆಳಿಗ್ಗೆ ಬಚ್ಚಲ ಹತ್ತಿರ ಅತ್ತೆ ಮುಖ ತೊಳೆಯುತ್ತಿದ್ದರು. ನೀರು ಕೆನ್ನೆಗೆ ತಾಗಿದ್ದೇ ತಡ, ಚೊಂಬು ಬಿಟ್ಟು ಗೋಡೆ ಹಿಡಿದು ನಿಂತರು. ಕಣ್ಣಲ್ಲಿ ನೀರು.

"ಏನಾತು ಅತ್ತೆ?"

ಅತ್ತೆ ತುಟಿ ಅಲುಗಿಸದಂತೆ ಹೇಳಿದರು: "ಹಲ್ಲು ಕಣವ್ವ. ಮೊಳಕಾಲ್ಮುರದಾಗೆ ಒಂದು ಕೀಳಿಸ್ದೆ. ನೋವು ಹೋಗ್ಲಿಲ್ಲ. ಪಕ್ಕದ್ದೂ ಕೀಳಿಸ್ಬೇಕು."

ನನಗೆ ಗೊತ್ತಿದ್ದ ಹಲ್ಲಿನ ಡಾಕ್ಟರು ಚಳ್ಳಕೆರೆಯಲ್ಲಿದ್ದರು. ಮರುದಿನವೇ ಬಸ್ ಹತ್ತಿಸಿದೆ. ಗಾಳಿ ತಾಗಬಾರದೆಂದು ಅತ್ತೆ ದಾರಿಯುದ್ದಕ್ಕೂ ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದರು.

ಡಾಕ್ಟರಮ್ಮ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು, ತಣ್ಣಗಿನ ಹತ್ತಿ ಇಟ್ಟು ನೋಡಿದರು, ಎಕ್ಸ್‌ರೇ ತೆಗೆದರು. ಯಾವ ಹಲ್ಲೂ ನೋಯಲಿಲ್ಲ; ಹುಳುಕಿರಲಿಲ್ಲ, ಕೀವಿರಲಿಲ್ಲ.

"ನೋವು ಹೆಂಗೆ ಬರುತ್ತೆ ಅಮ್ಮಾ? ಒಂದೇ ಸಮ ಇರುತ್ತಾ?"

"ಇಲ್ರೀ. ಕರೆಂಟ್ ಹೊಡ್ದಂಗೆ ಬರ್ತೈತೆ, ಹಂಗೇ ಹೋಗ್ತೈತೆ. ಮಾತಾಡಿದ್ರೆ ಬರ್ತೈತೆ, ಅಗಿದ್ರೆ ಬರ್ತೈತೆ."

"ಮಲಗಿದಾಗ?"

"ನಿದ್ದೆ ಬಂದ್ರೆ ಏನೂ ಇಲ್ರೀ."

ಡಾಕ್ಟರಮ್ಮ ಒಣ ಹತ್ತಿಯ ಎಳೆಯನ್ನು ಮೂಗಿನ ಪಕ್ಕ ಮೆಲ್ಲಗೆ ಸೋಕಿಸಿದರು. ಅತ್ತೆ ಕುರ್ಚಿಯಲ್ಲೇ ಬೆಚ್ಚಿ ನನ್ನ ಕೈ ಹಿಡಿದುಕೊಂಡರು.

"ತಪ್ಪು ತಿಳೀಬೇಡಿ ಅಮ್ಮಾ, ನೋಡ್ಲೇಬೇಕಿತ್ತು" ಎಂದು ಆಕೆ ಅವರ ಭುಜ ಸವರಿದರು. "ಹಲ್ಲು ಕೆಟ್ಟಿದ್ರೆ ಹೆಚ್ಚಾಗಿ ಬಿಸಿ, ತಣ್ಣಗಿನದಕ್ಕೆ ಜುಮ್ಮನ್ನುತ್ತೆ, ತಟ್ಟಿದ್ರೆ ನೋಯುತ್ತೆ, ರಾತ್ರಿ ಮಲಗೋಕೂ ಬಿಡಲ್ಲ. ನಿಮ್ದು ಮುಖದ ನರದ ನೋವು ಅನ್ಸುತ್ತೆ. ಹಲ್ಲೆಲ್ಲಾ ಕಿತ್ರೂ ಇದು ಹೋಗಲ್ಲ."

"ಹಂಗಾರೆ ಕೀಳಲ್ವಾ?" ಅತ್ತೆಯ ದನಿಯಲ್ಲಿ ನಿರಾಸೆಯೇ ಇತ್ತು. ಕಿತ್ತರೆ ಮುಗಿಯಿತು ಎಂದು ನಂಬಿಕೊಂಡು ಬಂದಿದ್ದರು.

ಡಾಕ್ಟರಮ್ಮ ದಾವಣಗೆರೆಯ ನರರೋಗದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಸ್ಕ್ಯಾನ್ ಮಾಡಿಸಿ, ಅದೇ ಕಾಯಿಲೆ ಎಂದು ಹೇಳಿ ಮಾತ್ರೆ ಶುರು ಮಾಡಿದರು. ಮೊದಮೊದಲು ತಲೆ ಸುತ್ತು, ಬರೀ ತೂಕಡಿಕೆ. ರಕ್ತ ಪರೀಕ್ಷೆ ಮಾಡಿಸುತ್ತಾ ಪ್ರಮಾಣ ಹೊಂದಿಸಿದ ಮೇಲೆ ಮಿಂಚಿನಂಥ ಆ ನೋವು ಕಡಿಮೆಯಾಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ತಾವಾಗಿಯೇ ಕೇಳಿದರು: "ನಿನ್ ಮ್ಯಾಲೆ ಸಿಟ್ಟು ಅಂದ್ಕಂಡಿದ್ಯಾ?"

ನಾನು ಹೂಂ ಅಂದೆ.

"ಸೊಸೆ ಬಂದ ದಿವ್ಸಾನೇ ನೋವು ನೋವು ಅಂದ್ರೆ, ರೋಗಿಷ್ಟ ಅತ್ತೆ ಗಂಟುಬಿದ್ಲು ಅಂತ ನೀನು ಅಂದ್ಕಂಬಾರ್ದು ಅಂತ ಸುಮ್ನಿದ್ದೆ ಕಣೇ."

ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಅಷ್ಟು ದಿನ ಕಳೆದಿದ್ದೆವು. ಅಳು ಬಂತು. ನಗುವೂ ಬಂತು.

ನೋವು ಪೂರ್ತಿ ಹೋಗಿಲ್ಲ. ಚಳಿಗಾಳಿ ಬೀಸುವ ದಿನಗಳಲ್ಲಿ ಆಗಾಗ ಇಣುಕುತ್ತದೆ. ಅಂಥ ದಿನ ಅತ್ತೆ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾರೆ, ಕುರಿ ಹೊಡೆದುಕೊಂಡು ನಾನು ಹೋಗುತ್ತೇನೆ.