ಲೇಸ್ ಬೇಡವೆಂದ ಕುರ್ತಾ

ಉಜಿರೆಯಲ್ಲಿ ಕೆಲಸಕ್ಕೆ ಸೇರುವವರೆಗೂ ನಾನು ತೊಟ್ಟದ್ದೆಲ್ಲ ದುಬೈಯಿಂದ ಮಾಮ ತಂದ ಬಟ್ಟೆಗಳೇ. ಮಣಿಯೋ ಮಿಂಚೋ ಇಲ್ಲದ್ದು ಒಂದೂ ಇರಲಿಲ್ಲ. ಕನ್ನಡಿಯಲ್ಲಿ ದಿನವೂ ಯಾರದೋ ಮದುವೆಗೆ ಹೊರಟವಳಂತೆ ಕಾಣುತ್ತಿದ್ದೆ. ನನಗೆ ಬೇಕಾದದ್ದು ಏನೆಂದು ತಿಳಿಯಲು ಬಹಳ ಕಾಲ ಹಿಡಿಯಿತು: ಸಡಿಲವಾದ, ಕಾಲರ್ ಇರುವ, ಬರಿಯ ಹತ್ತಿಯ ಉದ್ದ ಕುರ್ತಾ.

ಕಡು ಹಸಿರು ಬಟ್ಟೆ ಕೊಂಡು ಬೆಳ್ತಂಗಡಿಯ ಟೈಲರ್ ಅಕ್ಕನಿಗೆ ಕೊಟ್ಟೆ. ಲೇಸ್ ಬೇಡ, ಏನೂ ಬೇಡ ಎಂದು ಒತ್ತಿ ಹೇಳಿದೆ. ಅವರು ತಲೆಯಾಡಿಸಿದರು.

ತರಲು ಹೋದರೆ ಕತ್ತಿನಿಂದ ಅಂಚಿನವರೆಗೆ ಚಿನ್ನದ ಬಣ್ಣದ ಲೇಸ್.

"ಬೇಡ ಅಂತ ಹೇಳಿದ್ದೆ ಅಲ್ವಾ ಅಕ್ಕ?"

"ನಿನ್ನ ಉಮ್ಮ ಫೋನ್ ಮಾಡಿದ್ರು ಮಾರಾಯ್ತಿ. ಬೋಳು ಬೋಳು ಹೊಲಿಯುವುದು ಬೇಡ ಅಂದ್ರು. ಈಗ ಚಂದ ಉಂಟಲ್ಲ?"

ಸಿಟ್ಟಿನಿಂದ ಕುರ್ತಾವನ್ನು ಚೀಲಕ್ಕೆ ತುರುಕಿದೆ. ಕಕ್ಕಿಂಜೆಯ ಮನೆಗೆ ಬಂದವಳೇ ಉಮ್ಮನ ಎದುರು ಕೂತು ಬ್ಲೇಡಿನಿಂದ ಲೇಸ್ ಬಿಚ್ಚತೊಡಗಿದೆ.

"ನೋಡಿದವರು ಏನು ಹೇಳ್ತಾರೆ? ಮಾಮ ಈಗ ಏನೂ ಕಳಿಸುವುದಿಲ್ಲ ಅಂತ ಹೇಳ್ತಾರೆ," ಎಂದರು ಉಮ್ಮ.

"ಹಾಕುವುದು ನಾನಲ್ವಾ?"

ಅವರು ಎದ್ದು ಒಳಗೆ ಹೋದರು.

ಲೇಸ್ ಹೋಯಿತು, ಸೂಜಿಯ ತೂತುಗಳು ಸಾಲಾಗಿ ಉಳಿದವು. ಹಟಕ್ಕೆ ಬಿದ್ದು ಮರುದಿನ ಅದನ್ನೇ ತೊಟ್ಟು ಕೆಲಸಕ್ಕೆ ಹೋದೆ. ಪಕ್ಕದ ಮೇಜಿನವಳು ನೋಡಿ, "ಏನು ಇವತ್ತು ಇಷ್ಟು ಸಪ್ಪೆ ಬಟ್ಟೆ, ಹುಷಾರಿಲ್ವಾ?" ಎಂದು ಕೇಳಿದಳು. ಇಡೀ ದಿನ ದುಪಟ್ಟಾ ಎಳೆದೆಳೆದು ಆ ತೂತುಗಳನ್ನು ಮುಚ್ಚಿಕೊಂಡೆ. ನನಗಿಷ್ಟವಾದ ಮೊದಲ ಬಟ್ಟೆಯನ್ನು ತೊಟ್ಟೂ ತೊಟ್ಟಂತಾಗಲಿಲ್ಲ.